ಕೈಲಾಂಚದ ಬಸ್ಸಿನ ಮೊದಲ ಮೆಟ್ಟಿಲು

ನಮ್ಮ ಆಸ್ಪತ್ರೆಯ ಮುಂಬಾಗಿಲಲ್ಲಿ ಒಂದು ಕಲ್ಲಿದೆ. ಅಡಿಗಲ್ಲು ಇಟ್ಟವರು ಯಾರು, ಬಾಗಿಲು ತೆರೆದವರು ಯಾರು ಎಂಬುದನ್ನೆಲ್ಲ ಅದರಲ್ಲಿ ಕೆತ್ತಿದ್ದಾರೆ. ಕೆತ್ತಲಿ, ನನ್ನದೇನೂ ತಕರಾರಿಲ್ಲ. ಆದರೆ ಕೈಕಾಲು ಸೋತವರನ್ನು ಮತ್ತೆ ನಡೆಸುವ ಈ ಆಸ್ಪತ್ರೆ ನಿಜವಾಗಿ ಶುರುವಾದದ್ದು ರಾಮನಗರದ ಬಸ್ ನಿಲ್ದಾಣದಲ್ಲಿ, ಅದೂ ನನ್ನ ಮಾನ ಹೋದ ದಿನ.

ಆಗ ನಮಗಿದ್ದದ್ದು ರೇಷ್ಮೆ ನೂಲು ತೆಗೆಯುತ್ತಿದ್ದ ಹಳೇ ಶೆಡ್ಡು. ಗೂಡು ಬೇಯಿಸಿದ ವಾಸನೆ ಇನ್ನೂ ಗೋಡೆ ಬಿಟ್ಟಿರಲಿಲ್ಲ. ಹಿಡಿದು ನಡೆಯಲು ಎರಡು ಸಾಲು ನೀರಿನ ಪೈಪು, ಹತ್ತಿ ಇಳಿಯಲು ನಾಲ್ಕು ಮರದ ಮೆಟ್ಟಿಲು. ನಾನು ಹೊಸದಾಗಿ ಫಿಸಿಯೋಥೆರಪಿ ಓದಿ ಬಂದಿದ್ದೆ. ಜಂಬಕ್ಕೇನೂ ಕಡಿಮೆ ಇರಲಿಲ್ಲ.

ಕೈಲಾಂಚದ ಕಡೆಯಿಂದ ಒಬ್ಬ ಹೆಂಗಸು ಬಂದರು. ಹಿಪ್ಪುನೇರಳೆ ತೋಟ, ಎರಡು ಸೀಮೆಹಸು, ಬಾಯಿ ಬಲು ಜೋರು. ಅಟ್ಟದಿಂದ ಬಿದ್ದು ತೊಡೆಮೂಳೆ ಮುರಿದಿತ್ತು. ಮೂಳೆ ಕೂಡಿಕೊಂಡರೂ ಮಂಡಿ ಮಡಚುತ್ತಿರಲಿಲ್ಲ. ಮಕ್ಕಳೂ ಕಂಡಕ್ಟರೂ ಸೇರಿ ಅವರನ್ನು ರಾಗಿ ಮೂಟೆಯಂತೆ ಬಸ್ಸಿಗೆ ಏರಿಸಿದ್ದರಂತೆ. ಊರೆಲ್ಲ ನೋಡುವಾಗ ಎತ್ತಿಸಿಕೊಂಡದ್ದು ಅವರಿಗೆ ಮೂಳೆ ಮುರಿದದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತ್ತು. ಮನೆಗೆ ಹೋಗುವಾಗ ತಾನೇ ಹತ್ತಬೇಕು, ಅದೊಂದೇ ಅವರ ಹಟ.

ಎರಡು ತಿಂಗಳು ಬೆವರು ಹರಿಸಿದರು. ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಪೆಟ್ಟಾದ ಕಾಲು ಮುಂದೆ ಎಂಬ ಪಾಠವನ್ನು ಮಗ್ಗಿಯಂತೆ ಕಲಿತರು. ನಮ್ಮ ನಾಲ್ಕೂ ಮೆಟ್ಟಿಲು ಅವರಿಗೆ ಲೆಕ್ಕಕ್ಕೇ ಇಲ್ಲದಂತಾದವು. ನಾನು ಹಿಗ್ಗಿ ಹೀರೇಕಾಯಿಯಾಗಿ, ಬಸ್ಸಿಗೆ ಬಿಡಲು ನಾನೇ ಹೋದೆ.

ಬಸ್ಸು ಬಂತು. ಅದರ ಮೊದಲ ಮೆಟ್ಟಿಲು ಅವರ ಮಂಡಿಯ ಮಟ್ಟಕ್ಕಿತ್ತು. ಕಾಲೆತ್ತಿದರು, ಎಟುಕಲಿಲ್ಲ. ಮತ್ತೆ ಎತ್ತಿದರು. ಡ್ರೈವರ್ ಎರಡು ಸಲ ಹಾರ್ನ್ ಹೊಡೆದು ಹೊರಟುಹೋದ.

"ನಿನ್ ಮೆಟ್ಲು ಕೋಳಿಮರಿ ಹತ್ತಾಕೆ ಮಾಡಿರೋದು ಕಣಮ್ಮಣ್ಣಿ," ಅಂದರು.

ಚನ್ನಪಟ್ಟಣದಿಂದ ದಿನಾ ಬಸ್ಸಿನಲ್ಲೇ ಓಡಾಡುತ್ತಿದ್ದವಳು ನಾನು. ಆ ಮೆಟ್ಟಿಲು ಒಂದು ದಿನವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ.

ಮಾರನೆಯ ದಿನ ಟೇಪು ಹಿಡಿದು ನಿಲ್ದಾಣಕ್ಕೆ ಹೋಗಿ ಅಳತೆ ತೆಗೆದೆ. ಡ್ರೈವರ್ ನನ್ನನ್ನು ಆರ್‌ಟಿಒ ಕಡೆಯವಳು ಅಂದುಕೊಂಡು ಕಾಫಿ ತರಿಸಿದ. ಕುಡಿದೇ ಬಂದೆ. ಬಡಗಿಯೊಬ್ಬರು ಅದೇ ಅಳತೆಗೆ ನಮ್ಮ ಅಂಗಳದಲ್ಲಿ ಬಸ್ಸಿನ ಬಾಗಿಲನ್ನು ಕಟ್ಟಿದರು, ಎರಡೂ ಕಡೆ ಕಬ್ಬಿಣದ ಸರಳು ಸಮೇತ. ಆಮೇಲೆ ಶೆಡ್ಡಿನ ಕಳೆಯೇ ಬೇರೆಯಾಯಿತು. ಲಕ್ವ ಹೊಡೆದಿದ್ದ ಮಾಗಡಿಯ ತಾತ ಒಬ್ಬರು ಕಂಡಕ್ಟರ್ ಗಿರಿ ವಹಿಸಿಕೊಂಡು, ಸ್ವಾಧೀನದಲ್ಲಿದ್ದ ಕೈಯಲ್ಲಿ ಹಲಗೆ ತಟ್ಟಿ "ರೈಟ್" ಅನ್ನುತ್ತಿದ್ದರು. ಟಿಕೆಟ್ ಕೇಳದೆ ಡಾಕ್ಟರನ್ನೂ ಒಳಗೆ ಬಿಡುತ್ತಿರಲಿಲ್ಲ. ಅಂದಿನಿಂದ ಯಾರೇ ಬಂದರೂ ನಾವು ಮೊದಲು ಕೇಳುವುದು, ಮನೆಗೆ ಹೋಗಿ ಏನು ಮಾಡಬೇಕು ಎಂದು. ದೊಡ್ಡಆಲಹಳ್ಳಿಯವರೊಬ್ಬರು ಹಸು ಕರೆಯಬೇಕು ಅಂದರೆ, ಕುಕ್ಕರಗಾಲಲ್ಲಿ ಕೂತು ಏಳುವುದನ್ನೇ ಕಲಿಸಿದೆವು. ಕುರ್ಚಿಯಿಂದ ಏಳಿಸುವುದನ್ನಷ್ಟೇ ಬರೆದಿದ್ದ ನನ್ನ ಪುಸ್ತಕಗಳು ಬೀರುವಿನಲ್ಲೇ ಉಳಿದವು.

ಮೂರು ವಾರ ಕಳೆದು ಮತ್ತೆ ಅದೇ ಬಸ್ಸು. ಈ ಸಲ ನಡೆಯಬಲ್ಲವರೆಲ್ಲ ಕೋಲು ಹಿಡಿದು ನಮ್ಮ ಜೊತೆ ಬಂದಿದ್ದರು. ಕೈಲಾಂಚದ ಹೆಂಗಸು ಸೆರಗು ಸಿಕ್ಕಿಸಿ, ಸರಳು ಹಿಡಿದು, ಒಳ್ಳೆಯ ಕಾಲು ಮೇಲಿಟ್ಟರು. ಅಷ್ಟರಲ್ಲಿ ಕಂಡಕ್ಟರ್, ಪಾಪ, ಒಳ್ಳೆಯ ಮನಸ್ಸಿನಿಂದಲೇ ಅವರ ರಟ್ಟೆ ಹಿಡಿದು ಮೇಲಕ್ಕೆಳೆದುಕೊಂಡ. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಅವರು ನಗಲಿಲ್ಲ. ಪೆಟ್ಟಾದ ಕಾಲು ಮುಂದಿಟ್ಟು, ಒಂದೊಂದೇ ಮೆಟ್ಟಿಲು ವಾಪಸ್ ಇಳಿದುಬಂದರು.

"ಈಗ ಹತ್ತಿದ್ದು ನೀನು ಕಣಪ್ಪ," ಅಂದರು ಕಂಡಕ್ಟರಿಗೆ. "ನಾನಿನ್ನೂ ಹತ್ತಿಲ್ಲ. ಒಸಿ ಕೈ ಹಿಂದಕ್ಕೆ ಇಟ್ಕೊ."

ಆತ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಹೊತ್ತಾಯಿತೆಂದು ಗೊಣಗುತ್ತಿದ್ದವರೂ ಕಿಟಕಿಯಿಂದ ತಲೆ ಹೊರಹಾಕಿ ನೋಡಿದರು. ಹೆಂಗಸು ಮತ್ತೆ ಸರಳು ಹಿಡಿದರು, ಕಾಲೆತ್ತಿದರು. ತೊಡೆ ನಡುಗುವುದು ನನಗೆ ಕಾಣುತ್ತಿತ್ತು. ಹತ್ತಿದರು. ನನಗೆ ಸಂತೋಷಕ್ಕೆ ಅಳುವೇ ಬಂತು, ನಡುನಿಲ್ದಾಣದಲ್ಲಿ ನಿಂತು ಅತ್ತೆ.

ಒಳಗೆ ಯಾರೋ ಎದ್ದು ಸೀಟು ಬಿಟ್ಟುಕೊಟ್ಟರಂತೆ. ಬೇಡವೆಂದು, ಕೈಲಾಂಚದವರೆಗೂ ನಿಂತೇ ಹೋದರಂತೆ.