ಮೂಲೆಯಲ್ಲಿ ಬದಲಾಗುವ ಅಕ್ಷರ

ಊಟಕ್ಕೆ ಕುಳಿತಾಗಲೂ ದಿನುವಿನ ಎಡಗೈಯ ಕೊನೆಯ ಎರಡು ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಯಾರದೇ ಆಗಲಿ, ಏನಾದರೂ ಮುಖ್ಯವಾದ ಮಾತು ಮುಗಿದೊಡನೆ ಅವು ಮೇಜಿನ ಅಂಚನ್ನು ಒಮ್ಮೆ ಮೆತ್ತಗೆ ಒತ್ತುತ್ತಿದ್ದವು. ಕಂಪ್ಯೂಟರಿನಲ್ಲಿ ಬರೆದದ್ದನ್ನು ಆಗಾಗ ಸೇವ್ ಮಾಡುವ ಅಭ್ಯಾಸ ಬೆರಳಿಗೇ ಅಂಟಿಕೊಂಡಿತ್ತು.

"ಈಗ ಹೇಳಿದ್ದು ಸೇವ್ ಆಯ್ತಾ?" ಎಂದು ನಾನು ತಮಾಷೆ ಮಾಡುತ್ತಿದ್ದೆ.

"ಆಯ್ತು ಅತ್ತಿಗೆ. ನಾಳೆ ಪತ್ರೊಡೆ ಮಾಡ್ತೇನೆ ಅಂದದ್ದು ನೀವು. ಇನ್ನು ಇಲ್ಲ ಅನ್ನುವ ಹಾಗಿಲ್ಲ."

ದಿನು ನನ್ನ ಗಂಡನ ತಮ್ಮ. ನಾನು ಮಂಗಳೂರಿನಿಂದ ಮದುವೆಯಾಗಿ ಮುಂಬೈ ಬಳಿಯ ಡೊಂಬಿವಲಿಗೆ ಬಂದಾಗ ಕಾಲೇಜಿಗೆ ಹೋಗುತ್ತಿದ್ದ. ಆಮೇಲೆ ಮಹಾಪೆಯ ಒಂದು ಕಂಪೆನಿಯಲ್ಲಿ ಪ್ರೋಗ್ರಾಂ ಬರೆಯುವ ಕೆಲಸ ಸಿಕ್ಕಿತು. ಮದುವೆಯಾಗಲಿಲ್ಲ, ನಮ್ಮ ಜೊತೆಯಲ್ಲೇ ಉಳಿದ. ನಮ್ಮವರು ಠಾಣೆ ಪಟ್ಟಣದ ಹೋಟೆಲಿಗೆ ಬೆಳಿಗ್ಗೆ ಹೋದರೆ ರಾತ್ರಿಯೇ ಬರುವವರು.

ಕಾಯಿಲೆ ಶುರುವಾದದ್ದು ಆ ಕಿರುಬೆರಳಿನಿಂದಲೇ. ಇಸ್ತ್ರಿ ಮಾಡಿಟ್ಟ ಶರ್ಟುಗಳು ಕಪಾಟಿನಲ್ಲಿ ಹಾಗೆಯೇ ಇದ್ದವು, ಅವನು ದಿನವೂ ಟೀ ಶರ್ಟ್ ಹಾಕಿಕೊಂಡು ಹೋಗುತ್ತಿದ್ದ. ಗುಂಡಿ ಹಾಕಲು ಆಗುತ್ತಿಲ್ಲವೆಂದು ನನಗೆ ಹೊಳೆಯಲು ಕೆಲವು ದಿನ ಬೇಕಾಯಿತು. ನರಗಳ ಕಾಯಿಲೆ, ಹೋದ ಶಕ್ತಿ ತಿರುಗಿ ಬರುವುದಿಲ್ಲ ಎಂದರು ವರ್ತಕ ನಗರದ ಡಾಕ್ಟರು. ಕಂಪೆನಿಯವರು ಮನೆಯಿಂದಲೇ ಕೆಲಸ ಮಾಡಲು ಒಪ್ಪಿದರು. ಹಾಲ್‌ನ ಕಿಟಕಿಯ ಬಳಿ ಅವನ ಮೇಜು ಬಂತು. ಎಂಐಡಿಸಿ ಕಾರ್ಖಾನೆಗಳ ಕಡೆಯಿಂದ ಕೆಮಿಕಲ್ ವಾಸನೆ ಬಂದರೆ ಅವನು ಹೇಳುವ ಮೊದಲೇ ನಾನು ಕಿಟಕಿ ಮುಚ್ಚುತ್ತಿದ್ದೆ.

ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಟೈಪಿಂಗ್ ಕಲಿಸಿದ್ದರು. "ನೀನು ಹೇಳು, ನಾನು ಹೊಡೆಯುತ್ತೇನೆ" ಎಂದೆ.

"ಬೇಡ ಅತ್ತಿಗೆ. ಬೇರೆಯವರ ಕೈಯಲ್ಲಿ ಬರೆಸಿದರೆ ಅದು ನನ್ನ ಕೆಲಸ ಅಂತ ಅನಿಸುವುದಿಲ್ಲ. ಒಂದು ಬೆರಳು ಇರುವವರೆಗೆ ನಾನೇ."

ಒಂದು ಬೆರಳು ಸೋತರೆ ಅದರ ಕೆಲಸವನ್ನು ಇನ್ನೊಂದಕ್ಕೆ ವಹಿಸುತ್ತಿದ್ದ. ಅವನು ಪ್ರೋಗ್ರಾಂ ಬರೆಯಲು ಬಳಸುತ್ತಿದ್ದ ಎಡಿಟರ್ ಎಂಬ ತಂತ್ರಾಂಶದಲ್ಲಿ ಯಾವ ಕೀಗೆ ಯಾವ ಕೆಲಸ ಎಂದು ನಾವೇ ಬದಲಾಯಿಸಬಹುದಂತೆ. ಬಲಗೈಯ ಎರಡೇ ಬೆರಳು ಸಾಕಾಗುವಂತೆ ಸೇವ್ ಮಾಡುವುದನ್ನು ಕಂಟ್ರೋಲ್ ಮತ್ತು ಸ್ಪೇಸ್ ಕೀಗಳಿಗೆ ಕೊಟ್ಟಿದ್ದ. ಒಂದು ಮಧ್ಯಾಹ್ನ ಪಕ್ಕದಲ್ಲಿ ಅಲಸಂಡೆ ಮುರಿಯುತ್ತಾ ಕೇಳಿದೆ:

"ಆ ಕೀಗಳಿಗೆ ಮೊದಲೇ ಒಂದು ಕೆಲಸ ಇರುವುದಿಲ್ಲವಾ? ಅದು ಯಾರ ಮಾತು ಕೇಳುತ್ತದೆ?"

"ನಮ್ಮ ಸ್ಟೇಷನ್ ಇದ್ದ ಹಾಗೆ ಅತ್ತಿಗೆ. ಟೈಮ್‌ಟೇಬಲಿನಲ್ಲಿ ಒಂದು ಪ್ಲಾಟ್‌ಫಾರ್ಮ್ ಉಂಟು. ಇಂಡಿಕೇಟರ್ ಇನ್ನೊಂದು ತೋರಿಸ್ತದೆ. ಅಷ್ಟರಲ್ಲಿ ಅನೌನ್ಸ್‌ಮೆಂಟಿನವಳು ಮೂರನೆಯದ್ದು ಹೇಳ್ತಾಳೆ. ಜನ ಎಲ್ಲಿಗೆ ಓಡ್ತಾರೆ?"

"ಅವಳು ಹೇಳಿದಲ್ಲಿಗೆ."

"ಹಾಂ. ಎಡಿಟರ್ ಮಾಡಿದವರು ಇಟ್ಟದ್ದು ಟೈಮ್‌ಟೇಬಲ್. ಆಮೇಲೆ ನಾನು ತಂದು ಸೇರಿಸಿದ ಪ್ಲಗಿನ್ನುಗಳು ಇಂಡಿಕೇಟರ್. ಯಾವ ಕೀಗೆ ಯಾವ ಕೆಲಸ ಅಂತ ನಾನೇ ನನ್ನ ಫೈಲಿನಲ್ಲಿ ಬರೆದದ್ದು ಅನೌನ್ಸ್‌ಮೆಂಟ್. ಅದರ ಮುಂದೆ ಉಳಿದ ಎರಡೂ ಸುಮ್ಮನೆ."

"ನೀನೇ ಒಂದೇ ಕೀಗೆ ಎರಡು ಸಲ ಬೇರೆ ಬೇರೆ ಹೇಳಿದರೆ?"

"ಕೊನೆಗೆ ಹೇಳಿದ್ದು. ಫೈಲಿನಲ್ಲಿ ಕೆಳಗೆ ಇರುವುದು ಗೆಲ್ತದೆ. ಈ ಮನೆಯಲ್ಲಿ ಮಾತ್ರ ಹಾಗಲ್ಲ. ಮೇಲೂ ನಿಮ್ಮದೇ, ಕೆಳಗೂ ನಿಮ್ಮದೇ."

"ನಿನ್ನ ಅನೌನ್ಸ್‌ಮೆಂಟಿಗಿಂತ ದೊಡ್ಡವರು ಯಾರೂ ಇಲ್ಲ ಹಾಗಾದರೆ."

"ಇದ್ದಾರೆ. ಗಾಡಿಯನ್ನು ಇಲ್ಲಿಗೆ ಬರುವ ಮೊದಲೇ ಕಲ್ಯಾಣ ಸ್ಟೇಷನ್ನಿನಲ್ಲೇ ಹಿಡಿದಿಟ್ಟರೆ ಇಲ್ಲಿ ಎಂತ ಅನೌನ್ಸ್ ಮಾಡಿ ಎಂತ ಪ್ರಯೋಜನ? ಕಂಪ್ಯೂಟರೇ ಆ ಕೀಯನ್ನು ಮೊದಲು ಹಿಡಿದುಕೊಂಡರೆ, ಒತ್ತಿದ್ದು ಎಡಿಟರಿಗೆ ಗೊತ್ತೇ ಆಗುವುದಿಲ್ಲ."

ಬಲಗೈಯ ಹೆಬ್ಬೆರಳು, ತೋರುಬೆರಳು ಮಾತ್ರ ಉಳಿದಿದ್ದಾಗ ಆಫೀಸಿನಿಂದ ಹೊಸ ಕಂಪ್ಯೂಟರ್ ಬಂತು. ಕೀಗಳ ತನ್ನ ಫೈಲನ್ನು ಅದಕ್ಕೆ ತಂದುಕೊಂಡು ನಾಲ್ಕು ಸಾಲು ಬರೆದ. ಸೇವ್ ಆಗದ ಬರಹಕ್ಕೆ ಅದರ ಹೆಸರಿನ ಪಕ್ಕ ಒಂದು ಬಿಳಿ ಚುಕ್ಕೆ ಇರುತ್ತದೆ, ಸೇವ್ ಆದರೆ ಮಾಯವಾಗುತ್ತದೆ. ದಿನು ಕಂಟ್ರೋಲ್, ಸ್ಪೇಸ್ ಒತ್ತಿದ. ಚುಕ್ಕೆ ಹೋಗಲಿಲ್ಲ. ಮತ್ತೆ ಒತ್ತಿದ. ಕೀ ಕೆಳಗೆ ಹೋಯಿತೋ ಇಲ್ಲವೋ ಎನ್ನುವುದು ಅವನಿಗೇ ಖಾತ್ರಿಯಾಗದಷ್ಟು ಬಲ ಕುಂದಿತ್ತು. ಕೈಯನ್ನು ತೊಡೆಯ ಮೇಲೆ ಜಾರಿಸಿದ.

"ಇದೂ ಹೋಯಿತು ಅತ್ತಿಗೆ."

ನಾನು ಚಹಾಕ್ಕೆ ಸ್ಟ್ರಾ ಹಾಕಿ ತಂದು ನಿಂತಿದ್ದೆ. ಸ್ಕ್ರೀನಿನ ಕೆಳಗಿನ ಮೂಲೆಯಲ್ಲಿ ಏನೋ ಅಲುಗಿದ ಹಾಗೆ ಕಂಡಿತ್ತು.

"ಇನ್ನೊಮ್ಮೆ ಒತ್ತು ದಿನು. ಮೂಲೆಯಲ್ಲಿ ಇಂಗ್ಲಿಷ್ ಅಕ್ಷರ ಇತ್ತು, ಈಗ ಮರಾಠಿಯದ್ದು ಬಂದಿದೆ."

ಅವನು ಒತ್ತಿದ. ಮರಾಠಿ ಹೋಗಿ ಇಂಗ್ಲಿಷ್ ಬಂತು. ಇನ್ನೊಮ್ಮೆ ಒತ್ತಿದಾಗ ಮತ್ತೆ ಮರಾಠಿ. ದಿನು ಕುರ್ಚಿಗೆ ತಲೆ ಆನಿಸಿ ನಗತೊಡಗಿದ, ನಗುತ್ತಲೇ ಕಣ್ಣು ತುಂಬಿತು.

"ಭಾಷೆ ಬದಲಾಯಿಸಲಿಕ್ಕೆ ಅಂತ ಕಂಪ್ಯೂಟರೇ ಹಿಡಿದುಕೊಳ್ತಾ ಉಂಟು. ಗಾಡಿಯನ್ನು ಕಲ್ಯಾಣದಲ್ಲೇ ನಿಲ್ಲಿಸಿದ್ದಾರೆ ಅತ್ತಿಗೆ. ಬೆರಳು ಸರಿ ಉಂಟು."

ಕಂಪ್ಯೂಟರಿನ ಆ ಏರ್ಪಾಡನ್ನು ತೆಗೆದುಹಾಕಿದ. ಚುಕ್ಕೆ ಹೋಯಿತು. ಆ ದಿನ ಅವನು ಎರಡನೆಯ ಸಲ ಅನ್ನ ಹಾಕಿಸಿಕೊಂಡ.

ಆ ಬೆರಳುಗಳಿಂದ ಆ ವರ್ಷದ ಮಳೆಗಾಲವನ್ನೆಲ್ಲ ದಾಟಿಸಿದ. ದೀಪಾವಳಿ ಹತ್ತಿರ ಬಂದಿತ್ತು, ನಾನು ಬಾಗಿಲಿಗೆ ತೂಗುಹಾಕುವ ಕಾಗದದ ಕಂದೀಲಿಗೆ ಬಲ್ಬು ಸಿಕ್ಕಿಸುತ್ತಿದ್ದೆ. ಹಿಂದಿನಿಂದ ಅವನ ಸಣ್ಣ ದನಿ ಕೇಳಿತು.

"ಅತ್ತಿಗೆ, ಸ್ವಲ್ಪ ಮೂಲೆ ನೋಡಿ. ಚುಕ್ಕೆ ಹೋಗ್ತಾ ಇಲ್ಲ. ಆ ಭಾಷೆಯದ್ದು ಮತ್ತೆ ಶುರುವಾಗಿದೆಯೋ ಏನೋ."

ನಾನು ಬಂದು ಬಗ್ಗಿ ನೋಡಿದೆ. ಅವನ ತುಟಿ ಬಿಗಿದಿತ್ತು, ಕುತ್ತಿಗೆಯ ನರ ಉಬ್ಬಿತ್ತು. ಮೂಲೆಯಲ್ಲಿ ಇಂಗ್ಲಿಷ್ ಇತ್ತು.

"ಬದಲಾಯಿತಾ?"

"ಇಲ್ಲ ದಿನು."

"ಈಗ?"

"ಇಲ್ಲ."

ಹೊರಗೆ ಯಾರದೋ ಮನೆಯ ಕುಕ್ಕರ್ ಕೂಗಿತು. ಅವನು ಬೆರಳನ್ನೇ ನೋಡುತ್ತಿದ್ದ, ನಾನು ಮೂಲೆಯನ್ನೇ ನೋಡುತ್ತಿದ್ದೆ.

"ಹಾಗಾದರೆ ನೀವೇ ಒತ್ತಿ ಅತ್ತಿಗೆ" ಎಂದ.

ಅವನ ಕೈಯನ್ನು ಎತ್ತಿ ಪಕ್ಕಕ್ಕಿಟ್ಟೆ. ಬಿಸಿಲಿಗೆ ಒಣಗಿದ ಬಟ್ಟೆಯಷ್ಟು ಹಗುರವಾಗಿತ್ತು. ಒತ್ತಿದೆ.

"ಸೇವ್ ಆಯ್ತಾ?" ಎಂದು ಈ ಸಲ ಅವನು ಕೇಳಿದ.

"ಆಯ್ತು."

ಅದೇ ಅವನು ಬರೆದ ಕೊನೆಯ ಸಾಲು. ಮುಂದಿನ ಮಳೆಗಾಲಕ್ಕೆ ದಿನು ಇರಲಿಲ್ಲ. ಆಫೀಸಿನವರು ಬಂದು ಕಂಪ್ಯೂಟರನ್ನು ತೆಗೆದುಕೊಂಡು ಹೋದರು. ವಾಸನೆ ಬಂದಾಗ ಕಿಟಕಿ ಮುಚ್ಚಲು ನಾನು ಈಗಲೂ ಎದ್ದು ಹೋಗುತ್ತೇನೆ, ಅಲ್ಲಿ ಯಾರೂ ಕುಳಿತಿಲ್ಲದಿದ್ದರೂ.