ಜ್ಯೋತಿ ಅಳಿಸಿದ ಐದು

ಆಗೆಲ್ಲ ಹುಡುಗಿಯರ ಆಟದ ಪೀರಿಯಡ್ ಶನಿವಾರದ ಕೊನೆಯ ಗಂಟೆ. ಕಾಲಿಗೆಲ್ಲ ಕೆಂಪು ಧೂಳು, ಲಂಗದ ಕಿಸೆಯಲ್ಲಿ ಉಪ್ಪು ಹಚ್ಚಿದ ಮಾವಿನಕಾಯಿ ಹೋಳು. ಖೋಖೋದಲ್ಲಿ ಗುಲ್ವಾಡಿಯ ಜ್ಯೋತಿಯನ್ನು ಮುಟ್ಟುವವರೇ ಇರಲಿಲ್ಲ. ತಾಲೂಕು ಪಂದ್ಯಕ್ಕೆ ಅವಳೇ ಕ್ಯಾಪ್ಟನ್ ಎಂದು ಪಿ.ಟಿ. ಮಾಸ್ಟ್ರು ಹೇಳಿಯೂ ಆಗಿತ್ತು. ಪಾಠದಲ್ಲಿ ಅವಳು ಕೊನೆ, ನಾನು ಮೊದಲು. ಮೈದಾನದಲ್ಲಿ ಎಲ್ಲ ತಿರುಗುಮುರುಗು. ನನಗೆ ಹೊಟ್ಟೆಕಿಚ್ಚು.

ಒಂಬತ್ತನೇ ಕ್ಲಾಸಿನಲ್ಲಿ ಒಂದು ದಿನ ಯಾರೋ ಮೇಡಂ ಬಂದು ಹುಡುಗಿಯರಿಗೆಲ್ಲ ಹಾಳೆ ಹಂಚಿದರು. ಆಟವಾಡುವಾಗ ಎಷ್ಟು ಖುಷಿಯಾಗುತ್ತದೆ ಎಂಬಂಥ ಪ್ರಶ್ನೆಗಳು. ಒಂದರಿಂದ ಐದರವರೆಗಿನ ಅಂಕಿಗೆ ಸುತ್ತು ಹಾಕಬೇಕು. ಬಹಳ ಖುಷಿಯಾದರೆ ಐದು. ಇದರಲ್ಲಿ ಸರಿ, ತಪ್ಪು ಎಂಬುದಿಲ್ಲ ಎಂದು ಅವರು ಎರಡು ಸಲ ಹೇಳಿದರು. ಯಾರು ನಂಬುತ್ತಾರೆ? ಹಾಳೆ ಕೊಟ್ಟರೆ ಅದು ಪರೀಕ್ಷೆಯೇ. ಮೇಡಂ ಆಚೆ ಹೋದದ್ದೇ ತಡ, ಎಲ್ಲರೂ ನನ್ನ ಹಾಳೆಯತ್ತ ಇಣುಕತೊಡಗಿದರು.

ಹಿಂದಿನಿಂದ ಜ್ಯೋತಿ ಬಗ್ಗಿದಳು. "ನೀ ಎಷ್ಟಕ್ ಹಾಕ್ದೆ ಮಾರಾಯ್ತಿ?"

"ಎರಡ್."

"ನಾ ಐದಕ್ ಹಾಕ್ದೆ. ತಪ್ಪಾ?"

ತಪ್ಪಲ್ಲವೆಂದು ನನಗೆ ಚೆನ್ನಾಗಿಯೇ ಗೊತ್ತಿತ್ತು.

"ತಪ್ಪೇ. ಎಲ್ಲದಕ್ಕೂ ಎರಡ್ ಹಾಕ್," ಎಂದೆ.

ಅವಳು ರಬ್ಬರಿಗೆ ಉಗುಳು ಹಚ್ಚಿ, ಹಾಳೆ ಹರಿಯುವಷ್ಟು ಉಜ್ಜಿದಳು. ಉಳಿದವರೂ ಎರಡೇ ಹಾಕಿದರು.

ಮುಂದಿನ ತಿಂಗಳು ಪಿ.ಟಿ. ಮಾಸ್ಟ್ರು ಬಂದರು. "ಆಟ ಅಂದ್ರೆ ಖುಷಿಯೇ ಇಲ್ಲ ಅಂದೇಳಿ ನೀವೇ ಬರ್ದ್ ಕೊಟ್ಟಿದ್ರಿ. ಇನ್ ನಾನ್ ಎಂತ ಮಾಡುದ್?" ನಮ್ಮ ಆಟದ ಗಂಟೆ ಗಣಿತಕ್ಕೆ ಹೋಯಿತು, ಖೋಖೋ ತಂಡವೂ ನಿಂತುಹೋಯಿತು. ಎದ್ದು ನಿಂತು ಒಂದು ಮಾತು ಹೇಳಬಹುದಿತ್ತು. ಗಣಿತದಲ್ಲಿ ನಾನೇ ಮೊದಲಲ್ಲವೇ, ತೆಪ್ಪಗಿದ್ದೆ. ಆಮೇಲೆ ಜ್ಯೋತಿ ಶಾಲೆಗೆ ಬರುವುದೇ ಕಡಿಮೆಯಾಯಿತು. ಹತ್ತನೇ ಕ್ಲಾಸು ಮುಗಿಸಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಕಳೆದ ತಿಂಗಳು ಹೆಮ್ಮಾಡಿಯ ಬಸ್ ಸ್ಟಾಪಿನಲ್ಲಿ ಸಿಕ್ಕಿದಳು. ಬಸ್ಸು ನಮ್ಮನ್ನು ದಾಟಿ ಎಲ್ಲೋ ಮುಂದೆ ನಿಂತಿತು. ಅವಳು ಸೀರೆ ಎತ್ತಿ ಸಿಕ್ಕಿಸಿ ಓಡಿದಳು. ನಾನು ಏದುಸಿರು ಬಿಡುತ್ತ ಬಂದು ಹತ್ತುವವರೆಗೂ ಬಾಗಿಲು ಹಿಡಿದು ಬಸ್ಸು ನಿಲ್ಲಿಸಿದಳು.

"ಈಗ್ಲೂ ಎಷ್ಟ್ ಚಂದ ಓಡ್ತೆ!" ಎಂದೆ.

"ಅಯ್ಯೋ, ಈಗ ಬಸ್ಸಿಗ್ ಮಾತ್ರ," ಎಂದು ನಕ್ಕಳು. "ಖುಷಿ ಇಲ್ಲ ಅಂದೇಳಿ ನಾನೇ ಬರ್ದ್ ಕೊಟ್ಟದ್ದಲ್ದಾ? ಯಾರನ್ನ್ ಬೈದ್ ಎಂತ ಮಾಡುದ್?"

ಇಷ್ಟು ವರ್ಷವೂ ಅವಳು ಬೈದುಕೊಂಡದ್ದು ತನ್ನನ್ನೇ. ನಾನು ಇಳಿಯುವ ಜಾಗ ಬರುವವರೆಗೆ ಅವಳ ಪಕ್ಕದಲ್ಲೇ ಕೂತಿದ್ದೆ. ಆಗಲೂ ಹೇಳಲಿಲ್ಲ.