ದೊರೆಯನ್ನು ಸಾಯಲು ಬಿಡದ ಮೇಷ್ಟ್ರು

1997ರಲ್ಲಿ ನಾನು ಬಣಕಲ್ ಸುತ್ತಿನ ಮನೆಗಳಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿದ್ದೆ. ಮೈ ಒರೆಸುವುದು, ಗಂಜಿ ಕುಡಿಸುವುದು, ಬೆಡ್‌ಸೋರ್, ಅಂದರೆ ಮಲಗಿ ಮಲಗಿ ಬೀಳುವ ಹುಣ್ಣು, ಆಗದ ಹಾಗೆ ಮಗ್ಗುಲು ಬದಲಿಸುವುದು, ಸತ್ತರೆ ಕಣ್ಣು ಮುಚ್ಚುವುದು. ಆ ವರ್ಷ ನನ್ನನ್ನು ಕರೆಸಿದ್ದು ನಿವೃತ್ತರಾದ ಒಬ್ಬ ಇಂಗ್ಲಿಷ್ ಮೇಷ್ಟ್ರ ಮನೆಗೆ. ಮದುವೆಯಾದವರಲ್ಲ. ಶ್ವಾಸಕೋಶ ಕೆಟ್ಟಿತ್ತು. ಹೆಚ್ಚು ದಿನವಿಲ್ಲವೆಂದು ಡಾಕ್ಟರು ಅವರಿಗೇ ಹೇಳಿದ್ದರು.

ಮೇಷ್ಟ್ರು ಒಬ್ಬ ಇಂಗ್ಲಿಷ್ ಪಂಡಿತನ ಜೀವನವನ್ನು ಕನ್ನಡದಲ್ಲಿ ಬರೆಯುತ್ತಿದ್ದರು. ಇಪ್ಪತ್ತನೇ ಶತಮಾನದ ಶುರುವಿನಲ್ಲಿದ್ದವನು. ಹಳೆ ಕೊಡೆ, ಮಧ್ಯಾಹ್ನದ ನಿದ್ದೆ, ಇಂಥದರ ಮೇಲೆ ಪ್ರಬಂಧ ಬರೆದವನಂತೆ. ಹೆಸರು ನನ್ನ ನಾಲಿಗೆಗೆ ಹೊರಳುತ್ತಿರಲಿಲ್ಲ, ದೊರೆ ಎನ್ನುತ್ತಿದ್ದೆ. ಮೇಷ್ಟ್ರು ಹೇಳುವುದು, ಗೋಣಿಬೀಡಿನಲ್ಲಿ ಟೀಚರಾಗಿದ್ದ ಅವರ ತಂಗಿಯ ಮಗಳು ಸುಮ ಬರೆದುಕೊಳ್ಳುವುದು. ಉಳಿದದ್ದು ದೊರೆಯ ಸಾವು ಮಾತ್ರ. ಅದನ್ನು ಹೇಳದೆ, ದಿನಾ ಹಿಂದಿನದನ್ನೇ ತಿದ್ದಿಸುತ್ತಿದ್ದರು.

“ಮಾವ, ಅವ್ರು ಸತ್ತು ನಿಮ್ಮ ವಯಸ್ಸಿನಷ್ಟು ವರ್ಷ ಆಯ್ತು. ಪುಸ್ತಕ ಮುಗ್ಸೋದು ಬೇಡ್ವಾ?” ಎಂದಳು ಸುಮ.

“ನಾಳೆ ನೋಡಣ.”

ನಾಳೆ ಎಂಬುದು ಅವರ ಹತ್ತಿರ ಹೆಚ್ಚು ಉಳಿದಿರಲಿಲ್ಲ. ಪುಸ್ತಕ ಅರ್ಧಕ್ಕೆ ನಿಂತರೆ ಸುಮಳಿಂದ ಮುಗಿಸಲಾಗುವಂಥದ್ದೂ ಅಲ್ಲ. ನಮ್ಮ ಕಡೆ ಮನೆಯಲ್ಲಿ ಹೆಣವಿದ್ದರೆ ಅದು ಹೊರಗೆ ಹೋಗುವ ತನಕ ಒಲೆ ಹಚ್ಚುವುದಿಲ್ಲ. ಒಂದು ಬೆಳಿಗ್ಗೆ ಮೇಷ್ಟ್ರು ಕಾಫಿ ಕೇಳಿದಾಗ ನಾನು ಕದಲಲಿಲ್ಲ.

“ಸತ್ತವರನ್ನ ಮನೇಲಿಟ್ಕೊಂಡು ಒಲೆ ಹಚ್ಚಕ್ಕಾಗಲ್ಲ ಮೇಷ್ಟ್ರೇ. ನಿಮ್ಮ ದೊರೆನ ಕಳ್ಸಿಕೊಡಿ, ಆಮೇಲೆ ಕಾಫಿ.”

ಸುಮ ಹೆದರಿ ನನ್ನ ಮುಖ ನೋಡಿದಳು. ಮೇಷ್ಟ್ರು ಕೆಮ್ಮುತ್ತಲೇ ನಕ್ಕರು.

“ಕಾಫಿ ತೋಟದ ನಡುವೆ ಇಟ್ಕೊಂಡು ಕಾಫಿ ಇಲ್ದೆ ಸಾಯ್ಸ್ತೀಯಲ್ಲ ಮಾರಾಯ್ತಿ. ಬರ್ಕೋ ಸುಮ.”

ದೊರೆ ಸತ್ತದ್ದು ಬಾಡಿಗೆ ಕೋಣೆಯಲ್ಲಿ, ಇದೇ ಎದೆಯ ಕಾಯಿಲೆಯಿಂದ. ಹೆಂಡತಿ ಮಕ್ಕಳಿಲ್ಲ. ಬೆಳಿಗ್ಗೆ ಮನೆಯೊಡತಿ ಚಹಾ ತಂದಾಗ ಮೈ ತಣ್ಣಗಾಗಿತ್ತಂತೆ. ಅಷ್ಟು ಹೇಳಿ ಮೇಷ್ಟ್ರು ಗೋಡೆ ಕಡೆ ತಿರುಗಿದರು. ಅವರು ಹೆದರಿದ್ದು ಯಾರ ಸಾವಿಗೆ ಎಂದು ನನಗೆ ಆಗ ತಿಳಿಯಿತು.

“ಪಕ್ಕದಲ್ಲಿ ಯಾರೂ ಇರ್ಲಿಲ್ಲ,” ಎಂದರು.

“ಅವ್ರಿಗೆ ಇರ್ಲಿಲ್ಲ. ನಿಮಗೆ ನಾನಿರ್ತೀನಿ. ಸುಮ್ನೆ ಸಂಬಳ ತಗೊಳ್ತೀನಾ?”

ಒಲೆ ಹಚ್ಚಿ ಕಾಫಿ ಕೊಟ್ಟೆ. ಅರ್ಧ ಲೋಟ ಕುಡಿದರು.

ಮೇಷ್ಟ್ರು ತೀರಿಹೋದದ್ದು ಕಾಫಿ ಹಣ್ಣಿನ ಕೊಯ್ಲಿನ ಕಾಲದಲ್ಲಿ, ನಡು ಮಧ್ಯಾಹ್ನ. ಸುಮ ಶಾಲೆಯಲ್ಲಿದ್ದಳು. ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. ಬೆರಳು ತಾನಾಗಿ ಸಡಿಲವಾಗುವ ತನಕ ನಾನು ಬಿಡಿಸಿಕೊಳ್ಳಲಿಲ್ಲ.

ಅಲ್ಲಿಂದೀಚೆಗೆ ಯಾವ ರೋಗಿಗೂ ‘ಏನೂ ಆಗಲ್ಲ’ ಎಂದು ನಾನು ಹೇಳಿಲ್ಲ. ಆಗುವುದು ಅವರಿಗೂ ಗೊತ್ತಿರುತ್ತದೆ. ‘ಇಲ್ಲೇ ಇರ್ತೀನಿ’ ಎನ್ನುತ್ತೇನೆ. ಹಾಗೆಂದ ಮೇಲೆ ಎದ್ದು ಹೋಗಬಾರದು.